ಮನೆಗೆ ಗೆದ್ದಲು ಹಿಡಿದಿದೆಯೇ? ಪಾಯದಿಂದ ಪಕಾಸಿನವರೆಗೆ ನೀವೇ ನೋಡಿಕೊಳ್ಳುವ ಕ್ರಮ

ಬಚ್ಚಲುಮನೆಯ ಬಾಗಿಲಿಗೆ ಬಣ್ಣ ಹೊಡೆಸೋಣ ಅಂತ ಪೇಂಟರನ್ನು ಕರೆಸಿದ್ದೆ. ಅವರು ಚೌಕಟ್ಟಿನ ಬುಡಕ್ಕೆ ಸ್ಯಾಂಡ್‌ಪೇಪರ್ ಹಾಕಿ ಎರಡು ಸಲ ಉಜ್ಜಿದರು, ಅಷ್ಟೇ. ಕಾಗದದ ಜೊತೆ ಬೆರಳೂ ಒಳಗೆ ಹೋಯಿತು. ಮೇಲೆ ಬಣ್ಣ ಇತ್ತು, ಒಳಗೆ ಮರವೇ ಇರಲಿಲ್ಲ, ಬರೀ ಮಣ್ಣು. ದಿನಕ್ಕೆ ಹತ್ತು ಸಲ ಅದೇ ಬಾಗಿಲು ದಾಟುವ ನನಗೆ ಅಷ್ಟು ದಿನ ಒಂದೇ ಒಂದು ಹುಳ ಕಣ್ಣಿಗೆ ಬಿದ್ದಿರಲಿಲ್ಲ.

ಹುಳ ಹುಡುಕಲು ಹೊರಟವರಿಗೆ ಗೆದ್ದಲು ಸಿಗುವುದು ಕಡಿಮೆ. ಒದ್ದೆ ಎಲ್ಲಿದೆ, ಆ ಒದ್ದೆಯಿಂದ ಮರಕ್ಕೆ ದಾರಿ ಎಲ್ಲಿದೆ ಅಂತ ಹುಡುಕಿದರೆ ಸಿಗುತ್ತದೆ. ನಾನು ಕೀಟಶಾಸ್ತ್ರ ಓದಿದವನಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಂಚಿನ ಮನೆಯಲ್ಲಿ ಬೆಳೆದವನು, ಈಗ ಬೆಂಗಳೂರಿನಲ್ಲಿ ಇರುವವನು. ವರ್ಷಕ್ಕೆ ಎರಡು ಸಲ ಈ ಎರಡೂ ಮನೆಗಳನ್ನು ಹೇಗೆ ನೋಡುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ. ಒಂದು ಸಾಮಾನ್ಯ ಮನೆಗೆ ಅರ್ಧ ದಿನ ಬೇಕು.

ಮೊದಲು, ತಿನ್ನುತ್ತಿರುವವರು ಯಾರು?

ಮರ ಹಾಳಾಯಿತು ಅಂದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಗೆದ್ದಲು. ಮಲೆನಾಡು, ಕರಾವಳಿಯಲ್ಲಾದರೆ ಒರಲೆ. ಆದರೆ ಮರ ತಿನ್ನುವ, ಕೊರೆಯುವ ಹುಳಗಳು ಬೇರೆಯೂ ಇವೆ, ಒಂದೊಂದಕ್ಕೆ ಒಂದೊಂದು ಮದ್ದು. ಇದು ಗೊತ್ತಿಲ್ಲದೆ ನಾನೊಮ್ಮೆ ದುಡ್ಡು ಕಳೆದುಕೊಂಡೆ. ಮಂಚದ ಕೆಳಗೆ ದಿನಾ ಬೆಳಿಗ್ಗೆ ಬಿಳಿ ಪುಡಿ ಬೀಳುತ್ತಿತ್ತು. ಫೋನ್ ಮಾಡಿದೆ. ಇಬ್ಬರು ಹುಡುಗರು ಡ್ರಿಲ್ ಹಿಡಿದು ಬಂದರು, ಗೋಡೆಯುದ್ದಕ್ಕೂ ನೆಲ ಕೊರೆದು ಔಷಧಿ ತುಂಬಿದರು, ಬಿಲ್ ಕೊಟ್ಟು ಹೋದರು. ಮರುದಿನವೂ ಪುಡಿ ಬಿತ್ತು. ಅದು ಗೆದ್ದಲೇ ಆಗಿರಲಿಲ್ಲ, ಕುಟ್ಟೆ. ಕುಟ್ಟೆಗೂ ನೆಲಕ್ಕೂ ಸಂಬಂಧವೇ ಇಲ್ಲ!

ನೆಲದ ಗೆದ್ದಲಿನ ಗೂಡು ಮಣ್ಣಿನಲ್ಲಿ. ಮೈ ಮೆತ್ತಗೆ, ಒಣ ಗಾಳಿ ತಾಗಿದರೆ ಸಾಯುತ್ತವೆ. ಅದಕ್ಕೇ ಅವು ಬಯಲಲ್ಲಿ ನಡೆಯುವುದಿಲ್ಲ. ಮಣ್ಣಿಗೆ ಜೊಲ್ಲು ಕಲಸಿ, ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಟ್ಟಿಕೊಂಡು ಅದರೊಳಗೇ ಓಡಾಡುತ್ತವೆ. ಮರದೊಳಗೆ ಹೊಕ್ಕ ಮೇಲೆ ಎಳೆಯುದ್ದಕ್ಕೂ ಮೆತ್ತನೆಯ ಭಾಗ ತಿಂದು, ಜಾಗ ಖಾಲಿಯಾದಲ್ಲಿ ಮಣ್ಣು ಮೆತ್ತುತ್ತವೆ. ಒಡೆದ ಮರದೊಳಗೆ ಮಣ್ಣು ಕಂಡರೆ ಇವುಗಳದ್ದೇ ಕೆಲಸ.

ಒಣಮರದ ಗೆದ್ದಲು ಇನ್ನೊಂದು ಜಾತಿ, ಕರಾವಳಿಯಲ್ಲಿ ಜಾಸ್ತಿ. ಇವಕ್ಕೆ ಮಣ್ಣಿನ ನಂಟು ಬೇಡ. ಕುರ್ಚಿಯ ಕಾಲೊಳಗೇ ಸಂಸಾರ ಮಾಡಿಕೊಂಡಿರುತ್ತವೆ. ಮಣ್ಣಿನ ಗೆರೆ ಇರುವುದಿಲ್ಲ. ಬದಲಿಗೆ ಸಣ್ಣ ತೂತಿನಿಂದ ಹಿಕ್ಕೆಯನ್ನು ಹೊರಗೆ ತಳ್ಳುತ್ತವೆ. ನೋಡಲು ಗಸಗಸೆ ಚೆಲ್ಲಿದ ಹಾಗೆ. ಭೂತಗನ್ನಡಿ ಹಿಡಿದರೆ ಪ್ರತಿ ಕಾಳಿಗೂ ಆರು ಮುಖ ಕಾಣುತ್ತದೆ.

ಕುಟ್ಟೆ ಹುಳ ಗೆದ್ದಲಿನ ಜಾತಿಯೇ ಅಲ್ಲ, ಸಣ್ಣ ದುಂಬಿಯ ಮರಿ. ಮರದ ಹೊರಸುತ್ತಿನ ಬಿಳಿಭಾಗ, ಬಿದಿರು, ಅಗ್ಗದ ಪ್ಲೈವುಡ್ ಅಂದರೆ ಇದಕ್ಕೆ ಬಲು ಇಷ್ಟ, ಯಾಕೆಂದರೆ ಪಿಷ್ಟ ಇರುವುದು ಅಲ್ಲಿ. ಹೊರಬರುವಾಗ 1ರಿಂದ 2 ಮಿಲಿಮೀಟರಿನ ದುಂಡನೆ ತೂತು ಬಿಟ್ಟು ಹೋಗುತ್ತದೆ. ಕೆಳಗೆ ಬೀಳುವ ಪುಡಿ ಮೈದಾ ಹಿಟ್ಟಿನಷ್ಟು ನುಣುಪು.

ಪರೀಕ್ಷೆ ಸುಲಭ. ಬಿದ್ದ ಪುಡಿಯನ್ನು ಚಿಟಿಕೆಯಷ್ಟು ತೆಗೆದು ಎರಡು ಬೆರಳ ನಡುವೆ ತಿಕ್ಕಿ. ರವೆಯ ಹಾಗೆ ಗರಗರ ಅಂದರೆ ಒಣಮರದ ಗೆದ್ದಲು. ಪೌಡರ್ ಹಚ್ಚಿದ ಹಾಗೆ ಜಾರಿದರೆ ಕುಟ್ಟೆ. ಪುಡಿಯೇ ಇಲ್ಲ, ಮಣ್ಣಿದೆ ಅಂದರೆ ನೆಲದ ಗೆದ್ದಲು. ಈ ಒಂದು ತಿಕ್ಕು ಆವತ್ತು ಗೊತ್ತಿದ್ದಿದ್ದರೆ ನನ್ನ ನೆಲದಲ್ಲಿ ಅಷ್ಟು ತೂತು ಬೀಳುತ್ತಿರಲಿಲ್ಲ.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ಪಕಾಸಿನಲ್ಲೋ (ಹಂಚಿನ ಭಾರ ಹೊರುವ ಇಳಿಜಾರು ಮರ) ಬಿದಿರಿನಲ್ಲೋ ಡ್ರಿಲ್ಲಿನಲ್ಲಿ ಕೊರೆದಂತೆ ಬೆರಳು ತೂರುವ ದುಂಡನೆ ತೂತು, ಕೆಳಗೆ ತರಿತರಿ ಹೊಟ್ಟು ಇದ್ದರೆ ಅದು ಗುಂಯ್ ಅಂತ ಹಾರುವ, ಜೇನಿನ ಬಳಗದ ದೊಡ್ಡ ಕರಿ ದುಂಬಿ. ಮರ ತಿನ್ನುವುದಿಲ್ಲ, ಮೊಟ್ಟೆ ಇಡಲು ಕೊರೆಯುತ್ತದೆ. ಮೊಟ್ಟೆಯಾಕಾರದ ದೊಡ್ಡ ತೂತು ಕಂಡರೆ ಉದ್ದ ಮೀಸೆಯ ದುಂಬಿ. ಅದು ಹಸಿ ಮರದ ಜೊತೆ ಸಾಮಿಲ್ಲಿನಿಂದಲೇ ಬಂದಿರುತ್ತದೆ. ಗೊದ್ದ ಇರುವೆ ಮರದಿಂದ ಹೊರಬಂದರೆ ಗಾಬರಿ ಬೇಡ, ಅದು ಮೊದಲೇ ಕೊಳೆತ ಮರದಲ್ಲಿ ಬಾಡಿಗೆಗೆ ಇರುವಂಥದ್ದು. ಕೊಳೆತಿದ್ದು ಯಾಕೆ ಅಂತ ನೋಡಿ.

ರೆಕ್ಕೆ ಹುಳ ಬಂದ ರಾತ್ರಿ

ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಮಳೆಹುಳ, ಕೆಲವು ಕಡೆ ಈಸಲು ಅನ್ನುತ್ತಾರಲ್ಲ, ಅದು ರೆಕ್ಕೆ ಬಂದ ಗೆದ್ದಲೇ. ಹೊರಗಿನಿಂದ ದೀಪ ಹುಡುಕಿಕೊಂಡು ಬಂದಿದ್ದರೆ ನಿಮ್ಮ ಮನೆಗೆ ಗೆದ್ದಲು ಹಿಡಿದಿದೆ ಅಂತ ಅರ್ಥವಲ್ಲ. ಆ ಸಂಜೆ ಇಡೀ ಬೀದಿಯ ದೀಪಗಳಿಗೆ ಬಂದಿರುತ್ತವೆ. ಆದರೆ ಕಿಟಕಿ ಮುಚ್ಚಿದ ಕೋಣೆಯೊಳಗೇ ಎದ್ದರೆ, ಅಥವಾ ಚೌಕಟ್ಟಿನ ಸಂದಿನಿಂದ, ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕಿದ ಪಟ್ಟಿ) ಬುಡದಿಂದ ಸಾಲಾಗಿ ಹೊರಬಂದರೆ ಗೂಡು ಒಳಗೇ ಇದೆ, ಇಲ್ಲವೇ ಮನೆಯ ಕೆಳಗೇ ಇದೆ. ಎಲ್ಲಿಂದ ಬರುತ್ತಿವೆ ಅಂತ ಆಗಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು, ಬೆಳಿಗ್ಗೆಗೆ ರೆಕ್ಕೆಗಳ ರಾಶಿ ಬಿಟ್ಟರೆ ಏನೂ ಉಳಿದಿರುವುದಿಲ್ಲ.

ಇರುವೆಗೂ ರೆಕ್ಕೆ ಬರುತ್ತದೆ, ಗೊಂದಲ ಆಗುವುದು ಅಲ್ಲೇ. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಅಳತೆ, ಸೊಂಟ ಕಾಣದು, ಮೀಸೆ ಮಣಿ ಪೋಣಿಸಿದಂತೆ ನೇರ. ಇರುವೆಗೆ ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ, ಸೊಂಟ ಸಣ್ಣ, ಮೀಸೆ ಮೊಣಕೈಯ ಹಾಗೆ ಮಡಿಸಿರುತ್ತದೆ.

ಯಾವಾಗ ನೋಡಬೇಕು, ಏನೇನು ಬೇಕು

ನಾನು ನೋಡುವುದು ಎರಡು ಸಲ. ಮೊದಲ ಮಳೆ ಬಿದ್ದು ಎರಡು ವಾರಕ್ಕೆ ಒಮ್ಮೆ. ಆಯುಧಪೂಜೆಗೆ ಮುಂಚೆ ಇನ್ನೊಮ್ಮೆ. ಹೇಗೂ ಆಗ ಸಾಮಾನು ಎಳೆದು ಗುಡಿಸುತ್ತೇವಲ್ಲ! ಮಳೆಗಾಲ ಮುಗಿದು ಗೋಡೆಗಳು ಒದ್ದೆ ಹೀರಿಕೊಂಡಿರುವ ಹೊತ್ತು ಅದು.

ಸಾಮಾನು: ಒಳ್ಳೆ ಟಾರ್ಚ್, ಚಪ್ಪಟೆ ಸ್ಕ್ರೂಡ್ರೈವರ್, ಸ್ಕ್ರೂಡ್ರೈವರಿನ ಹಿಡಿಯಲ್ಲೇ ತಟ್ಟಬಹುದು, ಹಾಗಾಗಿ ಸುತ್ತಿಗೆ ಇಲ್ಲದಿದ್ದರೂ ನಡೆಯುತ್ತದೆ. ಸೀಮೆಸುಣ್ಣ, ಒಂದು ಕಪ್ಪು ಕಾಗದ, ಮುಖ ನೋಡುವ ಸಣ್ಣ ಕನ್ನಡಿ, ಫೋನು. ತೇವ ಅಳೆಯುವ ಮೀಟರ್ ಸಿಕ್ಕರೆ ಒಳ್ಳೆಯದು, ಆದರೆ ಅದರ ಅಂಕಿಯನ್ನು ತುಂಬಾ ನಂಬಬೇಡಿ. ಮಳೆಗಾಲದ ಕರಾವಳಿಯಲ್ಲಿ ಎಲ್ಲ ಮರವೂ ಒದ್ದೆಯೇ. ಒಂದೇ ಚೌಕಟ್ಟಿನ ಬುಡಕ್ಕೂ ತಲೆಗೂ ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ, ಅದು ಉಪಯೋಗಕ್ಕೆ ಬರುವ ಮಾಹಿತಿ.

ಒಂದು ಎಚ್ಚರಿಕೆ. ನೋಡುವ ಮುಂಚೆ ಅಂಗಡಿಯ ಸ್ಪ್ರೇ, ಸೀಮೆಎಣ್ಣೆ ಏನನ್ನೂ ಹೊಡೆಯಬೇಡಿ. ಎದುರಿಗೆ ಸಿಕ್ಕ ನೂರು ಹುಳ ಸಾಯುತ್ತವೆ, ಉಳಿದವು ದಾರಿ ಬದಲಿಸುತ್ತವೆ. ಆಮೇಲೆ ಜಾಡು ಹಿಡಿಯುವುದು ಕಷ್ಟ.

ಹೆಜ್ಜೆ 1: ಹೊರಗಿನ ಸುತ್ತು

ಮನೆಯೊಳಗೆ ಹೋಗುವ ಮೊದಲು ಹೊರಗೊಂದು ಸುತ್ತು ಹಾಕಿ. ಪಾಯದ ಮೇಲೆ ಟಾರ್ಚ್ ಬಿಡಿ, ಹಗಲಾದರೂ ಸರಿ. ಬೆಳಕನ್ನು ಗೋಡೆಗೆ ನೇರ ಹಿಡಿಯಬೇಡಿ, ಗೋಡೆಗೆ ಒರಗಿಸಿ ಹಿಡಿಯಿರಿ. ಆಗ ಸಣ್ಣ ಉಬ್ಬು, ಮಣ್ಣಿನ ಗೆರೆ ಎಲ್ಲ ನೆರಳು ಬಿಟ್ಟು ಎದ್ದು ಕಾಣುತ್ತವೆ.

ಕಣ್ಣಿಡಬೇಕಾದ ಕಡೆಗಳಿವು: ಮಳೆನೀರಿನ ಪೈಪಿನ ಬುಡ, ಎಸಿ ನೀರು ತೊಟ್ಟಿಕ್ಕುವ ಜಾಗ, ಗೋಡೆಗೆ ತಾಗಿಸಿಟ್ಟ ಹೂಕುಂಡದ ಹಿಂಬದಿ, ಮೆಟ್ಟಿಲು ಗೋಡೆಗೆ ಸೇರುವ ಬಿರುಕು, ಕೇಬಲ್ ಮತ್ತು ಪೈಪು ಒಳಹೋಗುವ ತೂತು. ಸುಮಾರು ಒಂದು ಮಿಲಿಮೀಟರ್ ಸಂದು ಇದ್ದರೂ ಗೆದ್ದಲು ನುಸುಳುತ್ತದೆ. ಸಿಮೆಂಟನ್ನು ಅದು ತಿನ್ನುವುದಿಲ್ಲ, ಸಿಮೆಂಟು ಎಲ್ಲಿ ಬಿರಿದಿದೆ ಅಂತ ಮಾತ್ರ ಅದಕ್ಕೆ ಗೊತ್ತಾಗುತ್ತದೆ.

ಊರಿನ ಮನೆಯಾದರೆ ಕಟ್ಟಿಗೆ ರಾಶಿ ನೋಡಿ. ಗೋಡೆಗೆ ಒರಗಿಸಿ ಸೌದೆ ಪೇರಿಸುವುದು, ತೆಂಗಿನ ಮಟ್ಟೆ ಒಟ್ಟುವುದು ನಮ್ಮ ಹಳೆ ಚಾಳಿ. ಅದು ಗೆದ್ದಲಿಗೆ ಏಣಿ ಇಟ್ಟು ಕರೆದಂತೆ. ಪೇಟೆಯ ಮನೆಗೆ ಇದೇ ಕಾಯಿಲೆ ಬೇರೆ ವೇಷದಲ್ಲಿ ಬರುತ್ತದೆ. ಕಟ್ಟುವಾಗ ಉಳಿದ ಸೆಂಟ್ರಿಂಗ್ ಹಲಗೆಯ ಚೂರು, ಸಿಮೆಂಟ್ ಚೀಲ, ಕಟ್ಟಿಗೆ ತುಂಡು ಎಲ್ಲವನ್ನೂ ಮಣ್ಣಿನ ಜೊತೆ ನೆಲದೊಳಗೇ ತುಂಬಿ ಮೇಲೆ ಟೈಲ್ಸ್ ಹಾಕಿಬಿಟ್ಟಿರುತ್ತಾರೆ. ಹೊಸ ಮನೆ ಕಟ್ಟಿಸುವವರು ನೆಲ ತುಂಬಿಸುವ ದಿನ ಅಲ್ಲೇ ನಿಂತುಕೊಳ್ಳಿ.

ಹಿತ್ತಲಿನಲ್ಲಿ ಹುತ್ತ ಇದ್ದರೆ? ನಮ್ಮ ಮನೆಯಲ್ಲಿ ಇದೆ. ನಾಗರಪಂಚಮಿಗೆ ಹಾಲೆರೆಯುವ ಹುತ್ತವನ್ನು ಕೆಡವಲು ಅಜ್ಜಿ ಯಾವತ್ತೂ ಬಿಡಲಿಲ್ಲ. ಸುಮ್ನೆ ಮೇಲಿನ ಗೋಪುರ ಕೆಡವಿದರೆ ಪ್ರಯೋಜನವೂ ಇಲ್ಲ, ರಾಣಿ ಇರುವುದು ಕೆಳಗೆ. ಹುತ್ತ ಕಟ್ಟುವ ಜಾತಿಯೇ ಮನೆ ತಿನ್ನುತ್ತಿದೆ ಅಂತಲೂ ಇಲ್ಲ. ಮಾವಿನ, ತೆಂಗಿನ ಕಾಂಡಕ್ಕೆ ಮಣ್ಣು ಮೆತ್ತಿ ಒಣ ತೊಗಟೆ ತಿನ್ನುವಂಥವೂ ಅದರಲ್ಲಿ ಇವೆ. ಹುತ್ತದಿಂದ ಮನೆ ಕಡೆಗೆ ಮಣ್ಣಿನ ಗೆರೆ ಬಂದಿದೆಯೇ ನೋಡಿ, ಬಂದಿಲ್ಲ ಅಂದರೆ ಅದರ ಪಾಡಿಗೆ ಬಿಡಿ. ತೂತಿಗೆ ಕೈ ಹಾಕಬೇಡಿ. ಗೆದ್ದಲು ಕಟ್ಟಿದ್ದರಲ್ಲಿ ಹಾವು ಸೇರಿಕೊಳ್ಳುವ ಮಾತು ಬರೀ ಗಾದೆಯಲ್ಲ.

ಹೆಜ್ಜೆ 2: ಬಾಗಿಲ ಚೌಕಟ್ಟು

ನನ್ನನ್ನು ಕೇಳಿದರೆ ಇಡೀ ಮನೆಯಲ್ಲಿ ಒಂದೇ ಒಂದು ಕಡೆ ನೋಡಲು ಸಮಯ ಇದ್ದರೆ ಚೌಕಟ್ಟಿನ ಬುಡ ನೋಡಿ. ಅದರಲ್ಲೂ ಬಚ್ಚಲುಮನೆ ಬಾಗಿಲಿನದು.

ಕಾರಣ ಇದೆ. ಗೋಡೆ ಏಳುವಾಗಲೇ ಚೌಕಟ್ಟು ನಿಲ್ಲಿಸುತ್ತಾರೆ, ನೆಲ ಹಾಕುವುದು ಆಮೇಲೆ. ಹಾಗಾಗಿ ಚೌಕಟ್ಟಿನ ಕಾಲು ನೆಲದ ಮಟ್ಟಕ್ಕಿಂತ ಒಂದೆರಡು ಇಂಚು ಕೆಳಗೆ ಹೂತುಹೋಗಿರುತ್ತದೆ. ಆ ಕತ್ತರಿಸಿದ ತುದಿಗೆ ಬಣ್ಣ ಇಲ್ಲ, ವಾರ್ನಿಶ್ ಇಲ್ಲ. ಬಚ್ಚಲಿನ ನೀರು ಹನಿಹನಿಯಾಗಿ ಅಲ್ಲಿಗೇ ಇಳಿಯುತ್ತದೆ. ಒದ್ದೆ, ಮಣ್ಣು, ಮರದ ತುದಿ, ಮೂರೂ ಒಂದೇ ಜಾಗದಲ್ಲಿ. ಗೋಡೆ ಮತ್ತು ಚೌಕಟ್ಟಿನ ನಡುವಿನ ಸಂದು, ಚೌಕಟ್ಟನ್ನು ಗೋಡೆಗೆ ಬಿಗಿಯುವ ಕಬ್ಬಿಣದ ಪಟ್ಟಿ, ಅಂದರೆ ಹೋಲ್ಡ್‌ಫಾಸ್ಟ್ ಕೂರಿಸಿದ ಗುಳಿ, ಇವೆಲ್ಲ ಮೇಲೆ ಹತ್ತುವ ಮೆಟ್ಟಿಲು. ಹೊರಗೆ ಒಂದು ಗೆರೆಯೂ ಕಾಣದೆ ಲಿಂಟಲ್‌ವರೆಗೆ ಹೋಗಬಹುದು.

ನೋಡುವ ಕ್ರಮ ಹೀಗೆ. ಮೊದಲು ಟಾರ್ಚನ್ನು ಮರಕ್ಕೆ ಒರಗಿಸಿ ಹಿಡಿದು ಬಣ್ಣ ನೋಡಿ. ಸಣ್ಣ ಅಲೆ, ನೀರುಗುಳ್ಳೆಯಂಥ ಉಬ್ಬು, ಕುಗ್ಗಿದ ಗೆರೆ ಇದ್ದರೆ ಅನುಮಾನಿಸಿ. ಒಳಗೆ ಮರ ಹೋದ ಮೇಲೆ ಬಣ್ಣಕ್ಕೆ ಆಧಾರ ಇರುವುದಿಲ್ಲ. ಆಮೇಲೆ ಬುಡದಿಂದ ಮೇಲಕ್ಕೆ, ಗೇಣಿಗೊಂದರಂತೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಣ್ ಅನ್ನುತ್ತದೆ, ಟೊಳ್ಳು ಮರ ಡಬ್ ಅನ್ನುತ್ತದೆ. ಕಿವಿಗೆ ಅಭ್ಯಾಸ ಇಲ್ಲದಿದ್ದರೆ ಮೊದಲು ಚೌಕಟ್ಟಿನ ತಲೆಯ ಕಡೆ ತಟ್ಟಿ ಕೇಳಿ, ಆಮೇಲೆ ಬುಡಕ್ಕೆ ಬನ್ನಿ. ಡಬ್ ಅಂದ ಕಡೆ ಸ್ಕ್ರೂಡ್ರೈವರಿನ ತುದಿ ಇಟ್ಟು ಹೆಬ್ಬೆರಳಿನ ಬಲದಿಂದ ಒತ್ತಿ. ಚುಚ್ಚಬೇಡಿ, ಒತ್ತಿ. ಒಳ್ಳೆ ಮರ ಎದುರು ಒತ್ತುತ್ತದೆ, ಹಾಳಾದ ಮರ ಬೆಣ್ಣೆಯ ಹಾಗೆ ಬಿಟ್ಟುಕೊಡುತ್ತದೆ.

ತಟ್ಟಿದ ಮೇಲೆ ಕಿವಿಯನ್ನು ಮರಕ್ಕೆ ಆನಿಸಿ ಒಂದು ನಿಮಿಷ ಸುಮ್ಮನಿರಿ. ಫ್ಯಾನ್, ಟಿವಿ ಆರಿಸಿರಬೇಕು. ಒಳಗೆ ಗೆದ್ದಲು ಇದ್ದರೆ ಕಾವಲು ಹುಳಗಳು ಅಪಾಯ ಅಂತ ತಲೆಯನ್ನು ಮರಕ್ಕೆ ಬಡಿಯುತ್ತವೆ. ಒಣ ಎಲೆ ಉದುರಿದಂತೆ ಚಿರಚಿರ ಸದ್ದು ಬರುತ್ತದೆ. ಮೊದಲ ಸಲ ಕೇಳಿದಾಗ ನನ್ನ ಮೈ ಜುಮ್ ಅಂದಿತ್ತು.

ಒಳಗೆ ಮಣ್ಣಿಲ್ಲದೆ, ಮರ ಬರೀ ಚೌಕ ಚೌಕವಾಗಿ ಬಿರಿದು ಕಂದಾಗಿದ್ದರೆ ಅದು ಬೂಸಲು ಹಿಡಿದು ಕೊಳೆತದ್ದು. ಔಷಧಿ ಬೇಡ, ನೀರು ನಿಲ್ಲಿಸಿ.

ಚೌಕಟ್ಟಿನಿಂದ ಹಾಗೇ ಸ್ಕರ್ಟಿಂಗಿನ ಮೇಲಂಚು ಹಿಡಿದು ಕೋಣೆ ಸುತ್ತಿ. ಹಳೆ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲದಲ್ಲಿ ಬಿರುಕಿನುದ್ದಕ್ಕೂ ಮಣ್ಣಿನ ಪುಡಿ ಎದ್ದಿದೆಯೇ ನೋಡಿ.

ಹೆಜ್ಜೆ 3: ಗೋಡೆಗೆ ಅಂಟಿಕೊಂಡ ಸಾಮಾನು

ಗೋಡೆಗೆ ತಾಗಿರುವ ಎಲ್ಲದರ ಹಿಂಬದಿ ನೋಡಬೇಕು. ವಾರ್ಡ್‌ರೋಬಿನ ಒಳಗಿನ ಬಟ್ಟೆ ತೆಗೆದು ಹಿಂದಿನ ಹಲಗೆಗೆ ತಟ್ಟಿ, ಬುಡದ ಮೂಲೆಗೆ ಕನ್ನಡಿ ತೂರಿಸಿ ನೋಡಿ. ಅಡುಗೆಮನೆಯಲ್ಲಿ ಸಿಂಕಿನ ಕೆಳಗಿನ ಕ್ಯಾಬಿನೆಟ್ ಮೊದಲು. ನೀರು ಸೋರುವ ಜಾಗ ಅದೇ. ಲ್ಯಾಮಿನೇಟ್ ಇರುವ ಪ್ಲೈವುಡ್ ಮೋಸ ಮಾಡುತ್ತದೆ. ಮೇಲಿನ ಹಾಳೆ ಹೊಳೆಯುತ್ತಲೇ ಇರುತ್ತದೆ, ಒಳಗಿನ ಪದರ ಹೋಗಿರುತ್ತದೆ. ಉಗುರಿನಿಂದ ಅಂಚಿನ ಬೀಡಿಂಗ್ ಒತ್ತಿ ನೋಡಿ. 710ರ ಐಎಸ್‌ಐ ಗುರುತಿನ, ನೀರು ತಡೆಯುವ ಮೆರೈನ್ ಪ್ಲೈ ಹಾಕಿಸಿದ್ದೇವೆ ಅನ್ನುವ ಧೈರ್ಯದಲ್ಲಿ ಇದನ್ನು ಬಿಡಬೇಡಿ. ಅದಕ್ಕೆ ಸಂರಕ್ಷಕ ಔಷಧಿ ಕೊಟ್ಟಿರುತ್ತಾರೆ ನಿಜ, ಆದರೆ ಆಚಾರಿ ಅದೇ ಕಪಾಟಿನ ಹಿಂದೆ ಕೊಟ್ಟ ರೀಪಿನ (ತೆಳು ಮರದ ಪಟ್ಟಿ) ತುಂಡು ಯಾವ ಮರದ್ದೋ ಯಾರಿಗೆ ಗೊತ್ತು?

ಗೋಡೆಯ ಫೋಟೋಗಳನ್ನು ಮರೆಯುವವರೇ ಹೆಚ್ಚು. ನಮ್ಮ ಊರಮನೆಯಲ್ಲಿ ಅಜ್ಜ ಅಜ್ಜಿಯ ಮದುವೆ ಫೋಟೋ ಗೋಡೆಯ ಮೇಲೆ ಎಷ್ಟೋ ವರ್ಷ ಇತ್ತು. ಸುಣ್ಣ ಬಳಿಯಲು ಇಳಿಸಿದಾಗ ಗಾಜು ಇತ್ತು, ಮುಂದಿನ ಚೌಕಟ್ಟಿತ್ತು, ಅಜ್ಜನ ಪೇಟದವರೆಗೆ ಫೋಟೋ ಇರಲಿಲ್ಲ. ಹಿಂದಿನ ರಟ್ಟು, ಕಾಗದ ಎಲ್ಲ ಮಣ್ಣು. ಗೋಡೆಯೊಳಗಿಂದ ಮೊಳೆಯ ತೂತಿನಲ್ಲೇ ಹೊರಬಂದಿದ್ದವು. ಈಗ ಪ್ರತಿ ಫೋಟೋವನ್ನೂ ಒಂದೊಂದಾಗಿ ಇಳಿಸಿ ನೋಡುತ್ತೇನೆ. ಸ್ವಿಚ್‌ಬೋರ್ಡಿನ ಮರದ ಪೆಟ್ಟಿಗೆಯೂ ಹಾಗೆಯೇ. ಅದನ್ನು ಬಿಚ್ಚುವ ಮುಂಚೆ ಮೇನ್ ಆಫ್ ಮಾಡಿ.

ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿ, ನಮಗೇನು ಭಯ ಅನ್ನುವವರಿಗೆ: ಪೈಪು, ವೈರು ಹೋಗುವ ಡಕ್ಟಿನಲ್ಲಿ ಗೆದ್ದಲು ಆರಾಮಾಗಿ ಮೇಲೆ ಬರುತ್ತದೆ. ಗೋಡೆಯ ಟೊಳ್ಳಿನಲ್ಲಿ ತೇವ ಸಿಕ್ಕರೆ ನೆಲಕ್ಕೆ ಹೋಗದೆ ಅಲ್ಲೇ ಗೂಡು ಕಟ್ಟುವ ಜಾತಿಯೂ ಇದೆ. ಡಕ್ಟಿಗೆ ಅಂಟಿದ ಗೋಡೆ, ಅದಕ್ಕೆ ಒರಗಿಸಿದ ಕಪಾಟು, ಇಷ್ಟನ್ನಾದರೂ ನೋಡಿ. ಕೆಳಗಿನ ಮನೆಯವರನ್ನೂ ಒಂದು ಮಾತು ಕೇಳಿ.

ಹೆಜ್ಜೆ 4: ಮಂಚ, ಕುರ್ಚಿ, ಬಿದಿರು

ಇಲ್ಲಿ ಒದ್ದೆಯ ಲೆಕ್ಕ ನಡೆಯುವುದಿಲ್ಲ. ಕುಟ್ಟೆಯೂ ಒಣಮರದ ಗೆದ್ದಲೂ ನೀವು ಹಣ ಕೊಟ್ಟು ತಂದ ಸಾಮಾನಿನ ಜೊತೆಗೇ ಬಂದಿರುವುದು ಹೆಚ್ಚು. ಮಂಚವನ್ನು ಮಗುಚಿ ಬಣ್ಣ ಕಾಣದ ಅಡಿಭಾಗ ನೋಡಿ. ಹಲಗೆಯ ಅಂಚಿನಲ್ಲಿ ತಿಳಿ ಬಣ್ಣದ ಪಟ್ಟಿ ಇದ್ದರೆ ಅದು ಬಿಳಿಭಾಗ. ನಡುವಿನ ಗಾಢ ಭಾಗ ಚೇಗು. ತೇಗದ ಚೇಗಿಗೆ ಕುಟ್ಟೆ ಹೋಗುವುದಿಲ್ಲ, ಅದೇ ತೇಗದ ಬಿಳಿಭಾಗಕ್ಕೆ ಹೋಗುತ್ತದೆ. ಅಂಗಡಿಯವರು 'ಪ್ಯೂರ್ ತೇಗ ಸಾರ್' ಅಂದರೆ ಅದು ಸುಳ್ಳಲ್ಲದಿರಬಹುದು, ಆದರೆ ಯಾವ ಭಾಗ ಅಂತ ಕೇಳಬೇಕು.

ಯಾವ ಮರ ಎಷ್ಟು ಬಾಳುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿ ಒಂದು ಸರಳ ಪರೀಕ್ಷೆ ಇದೆ. ಚೇಗಿನ ತುಂಡುಗಳನ್ನು ಅರ್ಧ ನೆಲದಲ್ಲಿ ಹೂತು ಬಿಡುತ್ತಾರೆ. 120 ತಿಂಗಳು ಮೀರಿ ಉಳಿದರೆ ಒಂದನೇ ದರ್ಜೆ, 60ರಿಂದ 120 ಎರಡನೆಯದು, 60 ತಿಂಗಳೂ ಬಾಳದಿದ್ದರೆ ಮೂರನೆಯದು. ತೇಗ ಒಂದನೇ ದರ್ಜೆ, ಮಾವು, ರಬ್ಬರ್ ಮರ ಮೂರನೆಯದು. ಮಾವಿನ ಹಲಗೆ ಕೆಟ್ಟದ್ದು ಅಂತಲ್ಲ, ಅದನ್ನು ನೆಲಕ್ಕೆ, ಒದ್ದೆಗೆ ತಾಗಿಸಬಾರದು ಅಷ್ಟೇ.

ಬಿದಿರಿನ ಏಣಿ, ತಟ್ಟಿ, ಬುಟ್ಟಿಗಳಲ್ಲಿ ಕುಟ್ಟೆ ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ. ಹಿಂದೆ ಕಡಿದ ಬಿದಿರನ್ನು ಕೆರೆಯಲ್ಲೋ ಹಳ್ಳದಲ್ಲೋ ವಾರಗಟ್ಟಲೆ ಮುಳುಗಿಸಿಡುತ್ತಿದ್ದರು. ಪಿಷ್ಟ ನೀರಿಗೆ ಬಿಟ್ಟುಹೋದರೆ ಹುಳಕ್ಕೆ ತಿನ್ನಲು ಉಳಿಯುವುದು ಕಡಿಮೆ. ಈಗ ಅಷ್ಟು ತಾಳ್ಮೆ ಯಾರಿಗಿದೆ, ಅಲ್ವಾ?

ಹೆಜ್ಜೆ 5: ಅಟ್ಟ ಮತ್ತು ಮಾಡು (ಚಾವಣಿ)

ಆರ್‌ಸಿಸಿ ಮನೆಯವರು ಲಾಫ್ಟಿನ ರಟ್ಟಿನ ಡಬ್ಬ, ಹಳೆ ಪುಸ್ತಕ ನೋಡಿ ಮುಂದಕ್ಕೆ ಹೋಗಬಹುದು. ಹಂಚಿನ ಮನೆಯವರಿಗೆ ಅಸಲಿ ಕೆಲಸ ಶುರುವಾಗುವುದೇ ಇಲ್ಲಿ.

ಮಣ್ಣುಗೋಡೆಯ ಮನೆಯಲ್ಲಿ ಗೆದ್ದಲಿಗೆ ಹೊರಗೆ ಗೆರೆ ಕಟ್ಟುವ ಅಗತ್ಯವೇ ಇಲ್ಲ. ಇಡೀ ಗೋಡೆಯೇ ಅದಕ್ಕೆ ಸುರಂಗ. ಪಾಯದಿಂದ ಹೊರಟು ಗೋಡೆಯೊಳಗೇ ಹತ್ತಿ, ತೊಲೆ ಗೋಡೆಗೆ ಕೂರುವ ಜಾಗದಲ್ಲಿ ಮೊದಲ ಸಲ ತಲೆ ಹಾಕುತ್ತದೆ. ಹಾಗಾಗಿ ಕೆಳಗೆಲ್ಲ ಸ್ವಚ್ಛ ಇದೆ ಅಂತ ನೆಮ್ಮದಿಯಾಗಿ ಕೂರಬೇಡಿ. ಏಣಿ ಇಟ್ಟು ಪ್ರತಿ ತೊಲೆಯ ಎರಡೂ ತುದಿ, ಗೋಡೆಯ ಮೇಲೆ ಮಲಗಿಸಿದ ಮರ, ಪಕಾಸಿನ ಬುಡ ನೋಡಿ. ಮಣ್ಣು ಮೆತ್ತಿದ ಕಲೆ ಇದ್ದರೆ ಅಲ್ಲಿಂದ ಒಳಗಿನ ಕಡೆಗೆ ತಟ್ಟುತ್ತಾ ಹೋಗಿ.

ನಮ್ಮಲ್ಲಿ ಬರುತ್ತಿದ್ದ ಆಚಾರ್ರು ತೊಲೆಯ ನಡುವೆ ಯಾವತ್ತೂ ಕೈಯಿಡುತ್ತಿರಲಿಲ್ಲ. 'ನಡು ಚೆಂದವೇ ಇರುತ್ತದೆ ಮಾರಾಯ್ರೆ, ತುದಿ ನೋಡಿ' ಅನ್ನುತ್ತಿದ್ದರು. ಭಾರ ಕೂರುವುದೂ ಒದ್ದೆ ಕೂರುವುದೂ ತುದಿಯಲ್ಲೇ.

ಆಮೇಲೆ ಸೋರುವ ಕಡೆಗಳು. ಒಡೆದ ಹಂಚಿನ ಕೆಳಗೆ, ಎರಡು ಮಾಡು ಸೇರುವ ಮೂಲೆಯಲ್ಲಿ ಪಕಾಸು ಮತ್ತು ರೀಪಿನ ಬಣ್ಣ ಕಪ್ಪಾಗಿರುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ರೀಪು ಹಾಕಿದ ಹಳೆ ಮಾಡಿನಲ್ಲಿ ಕುಟ್ಟೆ ಪುಡಿ ಅಟ್ಟದ ಮೇಲೆ ತೆಳ್ಳಗೆ ಹರಡಿರುತ್ತದೆ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದ ಮರ ಕಪ್ಪಾಗಿ ಏನೂ ಕಾಣುವುದಿಲ್ಲ. ಅಲ್ಲಿ ಮರ ನೋಡುವ ಬದಲು ಕೆಳಗೆ ಬಿದ್ದದ್ದನ್ನು, ಜೇಡರ ಬಲೆಗೆ ಸಿಕ್ಕಿದ್ದನ್ನು ನೋಡಿ. ರೆಕ್ಕೆ, ಪುಡಿ, ಹಿಕ್ಕೆ ಎಲ್ಲ ಬಲೆಯಲ್ಲೇ ಇರುತ್ತದೆ. ಹಂಚಿನ ಮೇಲೆ ಮಾತ್ರ ಹತ್ತಬೇಡಿ, ಕೆಳಗಿನ ಪಕಾಸು ಗಟ್ಟಿ ಇದೆಯೋ ಇಲ್ಲವೋ ಅಂತ ನೋಡಲು ತಾನೇ ಹೊರಟಿದ್ದು?

ತೊಲೆ ಬಾಗಿದ್ದರೆ, ಗೋಡೆಯೊಳಗಿನ ತುದಿ ಮೆತ್ತಗಾಗಿದ್ದರೆ, ತಪಾಸಣೆ ಅಲ್ಲಿಗೆ ನಿಲ್ಲಿಸಿ. ಕೆಳಗೆ ಮಲಗುವವರನ್ನು ಬೇರೆ ಕೋಣೆಗೆ ಕಳಿಸಿ. ಕಟ್ಟಡ ಗೊತ್ತಿರುವ ಇಂಜಿನಿಯರ್ ಅಥವಾ ಅನುಭವಿ ಮೇಸ್ತ್ರಿಯನ್ನು ಕರೆಸಿ, ತೊಲೆಗೆ ಊರುಗೋಲು ಅವರೇ ಕೊಡಿಸಲಿ. ಔಷಧಿಯ ಮಾತು ಆಮೇಲೆ.

ಹೆಜ್ಜೆ 6: ಈಗಿನದೋ, ಹಳೆಯದೋ?

ಮಣ್ಣಿನ ಗೆರೆ ಸಿಕ್ಕ ಕೂಡಲೇ ಎಲ್ಲವನ್ನೂ ಕೆರೆದು ಹಾಕಬೇಡಿ. ನಡುವೆ ಎರಡು ಇಂಚು ಮಾತ್ರ ಒಡೆಯಿರಿ. ಬೆಳ್ಳಗೆ ಹುಳ ಓಡಿದರೆ ಉತ್ತರ ಸಿಕ್ಕಿತು. ಖಾಲಿ ಇದ್ದರೆ ಪಕ್ಕದಲ್ಲಿ ತಾರೀಕು ಬರೆದು ಮೂರು ನಾಲ್ಕು ದಿನ ಬಿಡಿ. ಒಡೆದ ಜಾಗಕ್ಕೆ ಹೊಸ ಒದ್ದೆ ಮಣ್ಣು ಮೆತ್ತಿದ್ದರೆ ದಾರಿ ಬಳಕೆಯಲ್ಲಿದೆ. ಮೆತ್ತಿಲ್ಲ ಅಂದರೆ ಎರಡು ವಾರ ಬಿಟ್ಟು ಮತ್ತೆ ನೋಡಿ, ಸುತ್ತಮುತ್ತ ಬೇರೆ ದಾರಿ ಎದ್ದಿದೆಯೇ ಅಂತಲೂ ನೋಡಿ. ಒಂದು ದಾರಿ ಬಿಟ್ಟರು ಅಂದರೆ ಮನೆ ಬಿಟ್ಟರು ಅಂತಲ್ಲ.

ಕುಟ್ಟೆಗೆ ಬೇರೆ ಉಪಾಯ. ಹಳೆ ತೂತುಗಳಿಗೆಲ್ಲ ಸೀಮೆಸುಣ್ಣದ ಸುತ್ತು ಹಾಕಿ, ಪುಡಿ ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ. ಸಾಮಾನು ಅಲುಗಾಡಿಸಿದರೆ ಹಳೆ ತೂತಿನಿಂದಲೂ ಪುಡಿ ಬೀಳುತ್ತದೆ, ಹಾಗಾಗಿ ಮುಟ್ಟಬೇಡಿ. ಸುತ್ತು ಇಲ್ಲದ ಹೊಸ ತೂತು, ಒಳಗೆ ಹೊಸ ಮರದ ತಿಳಿ ಬಣ್ಣ ಕಂಡರೆ ಹುಳ ಜೀವಂತ.

ಔಷಧಿಯವರನ್ನು ಕರೆಯುವಾಗ

ಒಂದು ಕಾಗದದಲ್ಲಿ ಮನೆಯ ನಕ್ಷೆ ಒರಟಾಗಿ ಬರೆದು, ಸಿಕ್ಕಿದ್ದನ್ನೆಲ್ಲ ಗುರುತು ಮಾಡಿ. ಮಣ್ಣಿಗೆ ಒಂದು ಗುರುತು, ಪುಡಿಗೆ ಒಂದು, ಒದ್ದೆಗೆ ಒಂದು. ಮೂರೂ ಒಂದೇ ಗೋಡೆಯ ಮೇಲೆ ಬಿದ್ದರೆ ಎಲ್ಲಿಂದ ಶುರು ಮಾಡಬೇಕು ಅಂತ ಯಾರೂ ಹೇಳಬೇಕಿಲ್ಲ.

ಮನೆ ನೋಡದೆ ಫೋನಿನಲ್ಲೇ ಚದರಡಿಗೆ ಇಷ್ಟು ಅನ್ನುವವರನ್ನು ಅಲ್ಲಿಗೇ ಬಿಡಿ. ನೋಡಲು ಬಂದವರಿಗೆ ಕಟ್ಟಿದ ಮನೆಗೆ ಐಎಸ್ 6313ರ 3ನೇ ಭಾಗದ ಪ್ರಕಾರ ಮಾಡುತ್ತೀರಾ ಅಂತ ಕೇಳಿ. ಗೆದ್ದಲು ತಡೆಗೆ ಇರುವ ಭಾರತೀಯ ಮಾನಕ ಅದು. ನೆಲ ಮತ್ತು ಗೋಡೆ ಸೇರುವ ಕಡೆ ಸುಮಾರು 12 ಮಿಲಿಮೀಟರ್ ತೂತು, 300 ಮಿಲಿಮೀಟರಿಗೆ ಒಂದರಂತೆ, ಎಂಬ ಲೆಕ್ಕ ಅಲ್ಲಿಂದಲೇ ಬಂದದ್ದು. ಔಷಧಿಯ ಡಬ್ಬಿ ನಿಮ್ಮೆದುರೇ ತೆರೆಯಲಿ. ಉದಾಹರಣೆಗೆ ಕ್ಲೋರ್‌ಪೈರಿಫಾಸ್ 20 ಇಸಿ (ನೂರಕ್ಕೆ 20 ಭಾಗ ಔಷಧಿ ಇರುವ ದ್ರಾವಣ) ಆದರೆ 1 ಲೀಟರಿಗೆ 19 ಲೀಟರ್ ನೀರು. ಇದಕ್ಕಿಂತ ತೆಳು ಮಾಡಿದರೆ ನಿಮ್ಮ ದುಡ್ಡು ನೀರಿಗೆ ಹೋದಂತೆಯೇ.

ಬಾವಿ, ಸಂಪ್ ಎಲ್ಲಿದೆ ಅಂತ ಮೊದಲೇ ತೋರಿಸಿ, ಆ ಬದಿಯಲ್ಲಿ ಏನು ಮಾಡುತ್ತೀರಿ ಅಂತ ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ಗ್ಯಾರಂಟಿ ಕಾಗದದಲ್ಲಿ ಯಾವ ಹುಳಕ್ಕೆ ಎಂದು ಬರೆದಿದೆ ಓದಿ. ನನ್ನ ಮಂಚದ ಕಥೆಯಲ್ಲಿ ನಾನು ಓದಿದ್ದು ಆಮೇಲೆ. ಅದರಲ್ಲಿ ನೆಲದ ಗೆದ್ದಲು ಮಾತ್ರ ಅಂತ ಸ್ಪಷ್ಟವಾಗಿ ಇತ್ತು.

ಔಷಧಿಗೆ ಮುಂಚೆಯೇ ಸೋರುವ ನಲ್ಲಿ, ಪೈಪು, ಹಂಚು ಸರಿ ಮಾಡಿಸಿ. ಆ ಕೆಲಸ ಬಿಟ್ಟು ಔಷಧಿ ಹಾಕಿದರೆ ಎರಡು ಮೂರು ಮಳೆಗಾಲಕ್ಕೆ ಅದೇ ನಕ್ಷೆಯನ್ನು ಮತ್ತೆ ತೆಗೆಯಬೇಕಾಗುತ್ತದೆ.

ನಮ್ಮ ಬಚ್ಚಲುಮನೆಗೆ ಈಗ ಗ್ರಾನೈಟ್ ಚೌಕಟ್ಟು. ಕಲ್ಲಿಗೆ ಏನಾಗುತ್ತದೆ ಅಂತ ಮನೆಯಲ್ಲಿ ನಗುತ್ತಾರೆ. ನಾನು ಮಾತ್ರ ದಸರಾ ಸುತ್ತಿನಲ್ಲಿ ಅದರ ಬುಡಕ್ಕೂ ಟಾರ್ಚ್ ಒರಗಿಸುತ್ತೇನೆ. ಕಲ್ಲಿಗೂ ಗೋಡೆಗೂ ನಡುವೆ ಸಂದು ಇದ್ದೇ ಇದೆ, ಅದರ ಮೇಲೆಯೇ ಲಾಫ್ಟು, ಲಾಫ್ಟಿನಲ್ಲಿ ನನ್ನ ಪುಸ್ತಕದ ಡಬ್ಬಗಳು.